ಸುಡದ ಕೊಂಡ

ಆ ವರ್ಷ ಕೊಂಡ ನನ್ನನ್ನು ಸುಡಲಿಲ್ಲ. ಅದನ್ನು ನೆನೆದರೆ ಈಗಲೂ ಬೆನ್ನಲ್ಲಿ ಚಳಿ ಏಳುತ್ತದೆ.

ನಮ್ಮೂರು ಮರಳವಾಡಿಯಿಂದ ಸ್ವಲ್ಪ ಒಳಕ್ಕಿದೆ. ಊರಮ್ಮನ ಹಬ್ಬಕ್ಕೆ ಗುಡಿಯ ಮುಂದೆ ಉದ್ದನೆಯ ಗುಂಡಿ ತೋಡಿ, ಮನೆಮನೆಯಿಂದ ಬಂದ ಸೌದೆಯನ್ನು ಅದರಲ್ಲಿ ಉರಿಸುತ್ತಾರೆ. ಬೆಳಗಿನ ಹೊತ್ತಿಗೆ ಅದು ಕೆಂಡವಾದ ಮೇಲೆ ಬರಿಗಾಲಲ್ಲಿ ಹಾಯಬೇಕು, ಅದೇ ಕೊಂಡ. ಮೊದಲು ದೇವರನ್ನು ಹೊತ್ತ ಪೂಜಾರಿ ಇಳಿಯುತ್ತಾನೆ, ಅವನ ಬೆನ್ನಿಗೆ ನಮ್ಮ ಮನೆಯವನೊಬ್ಬ. ಯಾವ ಕಾಲದಿಂದಲೋ ಹಾಗೇ ನಡೆದು ಬಂದಿದೆ. ತಾತ ಹಾಯ್ದ, ಅಪ್ಪ ಹಾಯ್ದ, ಅಪ್ಪ ಹೋದ ಮೇಲೆ ನಾನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಊರಿನಲ್ಲಿ ಸಿಗುವ ಮರ್ಯಾದೆ ಬಹಳ ಇರುವುದಿಲ್ಲ. ನನಗೆ ಎರಡು ಕಡೆಯಿಂದ ಸಿಗುತ್ತಿತ್ತು. ಒಂದು ಕೊಂಡ, ಇನ್ನೊಂದು ಕೆಲಸ.

ನನ್ನದು ಸೆಂಟ್ರಿಂಗ್ ಕೆಲಸ. ಕಟ್ಟಡಕ್ಕೆ ಕಾಂಕ್ರೀಟಿನ ಮೋಲ್ಡ್ ಹಾಕುವ ಮುಂಚೆ ಕೆಳಗೆ ಕಂಬ ಕೊಟ್ಟು, ಮೇಲೆ ಹಲಗೆ, ಕಬ್ಬಿಣದ ಶೀಟು ಹೊಂದಿಸಿ ಮೊಳೆ ಹೊಡೆಯುವುದು. ಕನಕಪುರದಲ್ಲಿ, ಹಾರೋಹಳ್ಳಿ ಕಡೆ, ಎಷ್ಟು ಮನೆಯ ಸೂರು ನನ್ನ ಕೈ ಮೇಲೆ ನಿಂತಿದೆಯೋ ನಾನೇ ಮರೆತಿದ್ದೇನೆ. ಬೇಸಿಗೆಯ ಮಧ್ಯಾಹ್ನ ಆ ಶೀಟಿನ ಮೇಲೆ ಕಾಲಿಡಲು ಹುಡುಗರು ಕುಣಿಯುತ್ತಾರೆ. ನಾನು ಚಪ್ಪಲಿ ಕೆಳಗೆ ಬಿಟ್ಟೇ ಹತ್ತುತ್ತಿದ್ದೆ. ಮೇಸ್ತ್ರಿಯದು ಕೊಂಡ ಹಾಯೋ ಕಾಲು ಕಣ್ಲಾ, ಅದಕ್ಕೆ ಬಿಸಿಲು ಯಾವ ಲೆಕ್ಕ ಎಂದು ಅವರು ಆಡಿಕೊಂಡರೆ ಕೇಳಿಸದವನಂತೆ ಇರುತ್ತಿದ್ದೆ. ಒಳಗೊಳಗೆ ಖುಷಿಯೇ ಆಗುತ್ತಿತ್ತು.

ಕೊಂಡಕ್ಕೆ ಮುಂಚೆ ಒಂದು ವಾರ ನೇಮ. ಕೈಗೆ ಕಂಕಣ ಕಟ್ಟಿದ ಮೇಲೆ ಅನ್ನ ಮುದ್ದೆ ಮುಟ್ಟುವಂತಿಲ್ಲ. ಬಾಳೆಹಣ್ಣು, ಬೆಲ್ಲದ ಪಾನಕ, ಹಣ್ಣಿನ ರಸಾಯನ, ಇಷ್ಟೇ. ಆ ವರ್ಷ ನನಗೆ ವಿಪರೀತ ಬಾಯಾರಿಕೆ. ಕುಡಿದಷ್ಟೂ ಒಣಗುತ್ತಿತ್ತು. ಚೊಂಬುಗಟ್ಟಲೆ ಪಾನಕ ಕುಡಿದೆ. ಅದಕ್ಕೂ ಕೆಲವು ತಿಂಗಳ ಮುಂಚಿನಿಂದಲೇ ಮೈ ಇಳಿದಿತ್ತು, ಪ್ಯಾಂಟಿಗೆ ಬೆಲ್ಟು ಬಿಗಿಯಬೇಕಾಗಿತ್ತು, ಮೂತ್ರಕ್ಕೆ ಮತ್ತೆ ಮತ್ತೆ ಏಳುತ್ತಿದ್ದೆ. ಉಷ್ಣ ಇರಬೇಕು ಎಂದು ಎಳನೀರು ಕುಡಿದಿದ್ದೆ. ದುಡಿಯುವ ಮೈ ಇಳಿಯದೆ ಇನ್ನೇನು ಎಂದುಕೊಂಡಿದ್ದೆ.

ಕೊಂಡ ಹಾಯುವವನ ಕಾಲಿಗೆ ಬಿಸಿ ತಿಳಿಯುವುದಿಲ್ಲ ಎಂದು ಹೊರಗಿನವರು ಅಂದುಕೊಂಡಿರಬಹುದು. ಹಾಗಲ್ಲ. ಪ್ರತಿ ವರ್ಷವೂ ನನಗೆ ತಿಳಿಯುತ್ತಿತ್ತು. ಹಸಿಮೆಣಸಿನಕಾಯಿ ಅರೆದು ಅಂಗಾಲಿಗೆ ಮೆತ್ತಿದ ಹಾಗೆ ಆಗುತ್ತಿತ್ತು, ಕಾಲು ತಾನಾಗಿ ಮುಂದಕ್ಕೆ ಓಡುತ್ತಿತ್ತು. ಅಪ್ಪ ಹೇಳುತ್ತಿದ್ದ: ಚುರುಕ್ ಅನ್ನಬೇಕು, ಬೊಬ್ಬೆ ಬರಬಾರದು. ಬೊಬ್ಬೆ ಬಂದರೆ ನೇಮದಲ್ಲಿ ಏನೋ ಮೈಲಿಗೆ ಆಗಿದೆ ಎಂದೇ ಊರಿನಲ್ಲಿ ಮಾತು.

ಆ ವರ್ಷ ಇಳಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಏನೂ ಇಲ್ಲ. ಮುಖಕ್ಕೆ ಝಳ ಹೊಡೆಯುತ್ತಿದೆ, ಮೊಣಕಾಲಿಗೆ ಹೊಡೆಯುತ್ತಿದೆ, ಕೆಳಗೆ ಮಾತ್ರ ಹತ್ತಿ ತುಂಬಿದ ಹಾಗೆ ಮೆತ್ತಗೆ. ನನಗೆ ಕಣ್ಣಲ್ಲಿ ನೀರು ಬಂತು. ಊರಮ್ಮನೇ ನನ್ನನ್ನು ಎತ್ತಿಕೊಂಡಿದ್ದಾಳೆ ಅನ್ನಿಸಿತು. ಓಡಬೇಕು ಅನ್ನಿಸಲೇ ಇಲ್ಲ. ನಿಧಾನವಾಗಿ, ಗದ್ದೆಯ ಬದುವಿನ ಮೇಲೆ ನಡೆಯುವವನಂತೆ ನಡೆದೆ. ತಮಟೆಯವರು ಬಡಿಯುವುದು ಬಿಟ್ಟು ನೋಡಿದರು.

ಈಚೆಗೆ ಬಂದಾಗ ಪೂಜಾರಿ ದೊಡ್ಡಪ್ಪ ನನ್ನನ್ನೇ ದಿಟ್ಟಿಸುತ್ತಿದ್ದರು. ವರಸೆಯಲ್ಲಿ ಅಪ್ಪನ ಅಣ್ಣ, ಎಪ್ಪತ್ತು ದಾಟಿದವರು, ನಕ್ಕಿದ್ದನ್ನು ನೋಡಿದವರು ಕಡಿಮೆ.

"ಏನ್ಲಾ ಮಗಾ, ಬೀಗರ ಮನೆಗೆ ಹೊಂಟೋನಂಗೆ ಬಂದೆ?"

"ತಣ್ಣಗಿತ್ತು ದೊಡ್ಡಪ್ಪ. ನೀರಲ್ಲಿ ನಡದಂಗಾಯ್ತು."

ಆ ಮಾತು ಊಟದ ಹೊತ್ತಿಗೆಲ್ಲ ಊರು ಸುತ್ತಿತು. ವಯಸ್ಸಾದ ಹೆಂಗಸರು ಬಂದು ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಬೇಡ ಅನ್ನಲಿಲ್ಲ.

ಎರಡು ದಿನ ಕಳೆದಿರಬೇಕು. ಹೆಂಡತಿ ಕಸ ಗುಡಿಸುತ್ತಿದ್ದವಳು ನಿಂತು, ಕಾಲು ತೊಳೆದರೆ ಒರೆಸಿಕೊಂಡು ಒಳಗೆ ಬರಬಾರದಾ ಎಂದು ಗೊಣಗಿದಳು. ನಾನು ಕಾಲು ತೊಳೆದಿರಲಿಲ್ಲ. ಇಬ್ಬರೂ ನೆಲ ನೋಡಿದೆವು. ಸಿಮೆಂಟಿನ ಮೇಲೆ ಒದ್ದೆ ಗುರುತು, ಬಾಗಿಲಿನಿಂದ ನಾನು ಕೂತ ಜಾಗದವರೆಗೆ. ಎಲ್ಲವೂ ಎಡಗಾಲಿನವೇ.

ಅವಳು ಬಂದು ನನ್ನ ಕಾಲನ್ನು ಎತ್ತಿ ತಿರುಗಿಸಿದಳು. ಸೆರಗು ಬಾಯಿಗೆ ಹೋಯಿತು.

"ನೋಯ್ತಿಲ್ವಾ?"

"ಇಲ್ಲ ಕಣಮ್ಮಿ."

"ಇದು ನೋಯ್ದೆ ಹೆಂಗಿದ್ದಾತು?"

ನಾನು ಬಗ್ಗಿ ನೋಡಿದೆ. ಅಂಗಾಲಿನ ಮುಂಭಾಗದ ಚರ್ಮ ಒಡೆದು ಸುಲಿದುಹೋಗಿತ್ತು. ಕೆಳಗೆ ಕೆಂಪು ಮಾಂಸ, ಕಿರುಬೆರಳ ಬುಡದಲ್ಲಿ ಕಪ್ಪು. ಯಾರದೋ ಕಾಲನ್ನು ತಂದು ನನ್ನ ಮೊಣಕಾಲಿನ ಕೆಳಗೆ ಇಟ್ಟ ಹಾಗಿತ್ತು. ಬೆರಳಿನಿಂದ ಮುಟ್ಟಿದೆ. ಬೆರಳಿಗೆ ಗೊತ್ತಾಯಿತು, ಕಾಲಿಗೆ ಗೊತ್ತಾಗಲಿಲ್ಲ.

ಆಗ ನನಗಾದ ಹೆದರಿಕೆ ಕಾಯಿಲೆಯದಲ್ಲ. ಬೊಬ್ಬೆ ಬಂದಿದೆ ಎಂಬುದರದು. ಪಾದ ಮುಟ್ಟಿಸಿಕೊಂಡವನ ಪಾದ ಹೀಗೆ ಎಂದು ಊರಿಗೆ ತಿಳಿದರೆ? ಹೆಂಡತಿಗೆ ಇನ್ನೊಂದು ಹೆದರಿಕೆ. ನೇಮದ ವಾರದಲ್ಲಿ ತನ್ನಿಂದಲೇ ಏನೋ ತಪ್ಪಾಗಿದೆ, ಪಾನಕದ ಚೊಂಬನ್ನು ಮುಟ್ಟಬಾರದ ಕೈಯಲ್ಲಿ ಮುಟ್ಟಿದ್ದೆನೇನೋ ಎಂದು ಅತ್ತಳು. ಯಾರಿಗೂ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು. ಲೋಳೆಸರದ ತಿರುಳು ಹಚ್ಚಿ ಬಟ್ಟೆ ಕಟ್ಟಿದಳು. ನಾನು ಸಾಕ್ಸ್ ಹಾಕಿ ಬೂಟು ತೊಟ್ಟು ಹಾರೋಹಳ್ಳಿಯ ಕೆಲಸಕ್ಕೆ ಹೋದೆ. ನೋವಿಲ್ಲದವನಿಗೆ ರಜೆ ಯಾಕೆ? ಒಂದು ಫ್ಯಾಕ್ಟರಿ ಶೆಡ್ಡಿನ ಮೋಲ್ಡು ಇತ್ತು. ಸಿಮೆಂಟಿನ ನೀರಿನಲ್ಲೇ ದಿನವೆಲ್ಲ ನಿಂತೆ.

ಆ ವಾರದ ಕೊನೆಗೆ ಚಳಿಜ್ವರ ಬಂತು. ಕಾಲು ಮೀನಖಂಡದವರೆಗೆ ಕೆಂಪಗೆ ಊದಿಕೊಂಡು ವಾಸನೆ ಶುರುವಾಯಿತು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ತಮ್ಮ ಸುದ್ದಿ ಕೇಳಿ ಬಂದವನು ಕಾಲಿನ ಬಟ್ಟೆ ಬಿಚ್ಚಿ ನೋಡಿ, ನನ್ನನ್ನು ಹೊತ್ತು ಆಟೋದಲ್ಲಿ ಹಾಕಿದ. ಕನಕಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲನ್ನು ನೋಡಿದವರೇ, ಶುಗರ್ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ನನಗೆ ಕೋಪ ಬಂತು. ನಾನು ಕೂತು ತಿಂದವನಲ್ಲ, ನಮ್ಮ ವಂಶದಲ್ಲೇ ಯಾರಿಗೂ ಆ ಕಾಯಿಲೆ ಇಲ್ಲ, ಬೆಂಕಿ ಸುಟ್ಟ ಗಾಯಕ್ಕೂ ಸಕ್ಕರೆಗೂ ಏನು ಸಂಬಂಧ ಎಂದೆ. ಅವರು ವಾದ ಮಾಡಲಿಲ್ಲ. ರಕ್ತ ತೆಗೆಸಿದರು. ರಿಪೋರ್ಟು ಬಂದಾಗ ಅದನ್ನು ನನಗೆ ತೋರಿಸದೆ ತಮ್ಮನಿಗೆ ತೋರಿಸಿದರು. ನಾನು ಅವನ ಮುಖ ನೋಡಿದೆ. ನನಗೆ ಅಂಕಿ ಬೇಕಾಗಲಿಲ್ಲ.

ವರ್ಷಗಳಿಂದ ಇದ್ದಿರಬೇಕು, ನಿಮಗೆ ಗೊತ್ತಾಗಲಿಲ್ಲ ಅಷ್ಟೇ ಎಂದರು ಡಾಕ್ಟರಮ್ಮ.

ಆಮೇಲೆ ಒಬ್ಬ ನರ್ಸಮ್ಮ ಬಂದು ಹಲ್ಲುಜ್ಜುವ ಬ್ರಷ್ಷಿನ ಎಳೆಯಂಥ ಒಂದು ದಾರ ಹಿಡಿದುಕೊಂಡು ಕಾಲ ಬಳಿ ಕೂತಳು. ಕಣ್ಣು ಮುಚ್ಚಿಕೊಳ್ಳಿ, ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ ಎಂದಳು. ಮುಚ್ಚಿಕೊಂಡೆ. ಹೊರಗೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು. ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಕಾದೆ. ಪಾಪ, ಬೇರೆ ಕೆಲಸ ಬಂದಿರಬೇಕು ಅಂದುಕೊಂಡು ಇನ್ನೂ ಕಾದೆ.

"ಯಾವಾಗ ಶುರು ಮಾಡ್ತೀರವ್ವ?" ಎಂದೆ.

ಅವಳು ದಾರವನ್ನು ಡಬ್ಬಿಗೆ ಹಾಕಿದಳು. "ಮುಗೀತು ಯಜಮಾನ್ರೆ, ಕಣ್ಣು ಬಿಡಿ," ಎಂದಳು.

ಕಣ್ಣು ಬಿಟ್ಟೆ. ಎರಡೂ ಪಾದಗಳು ಅಲ್ಲೇ ಇದ್ದವು. ಗೋಡೆಯ ಹತ್ತಿರ ತಮ್ಮ ನಿಂತಿದ್ದ. ಅವನು ಎಲ್ಲವನ್ನೂ ನೋಡಿದ್ದ, ಮುಖ ಬೇರೆ ಕಡೆ ತಿರುಗಿಸಿದ್ದ. ಅಮ್ಮ ನನ್ನನ್ನು ಎತ್ತಿಕೊಂಡಿರಲಿಲ್ಲ. ನೆಲವೇ ನನ್ನ ಕೈಬಿಟ್ಟಿತ್ತು. ಆ ಹೊತ್ತಿನಲ್ಲಿ ನನ್ನೊಳಗೆ ಹೊಕ್ಕ ಭಯ ಇವತ್ತಿಗೂ ಪೂರ್ತಿ ಹೊರಗೆ ಹೋಗಿಲ್ಲ.

ಪಕ್ಕದ ಮಂಚದಲ್ಲಿ ಚನ್ನಪಟ್ಟಣದ ಕಡೆಯ ಒಬ್ಬರಿದ್ದರು. ಹೊದಿಕೆಯ ಕೆಳಗೆ ಅವರ ಒಂದು ಕಾಲಿನ ಉಬ್ಬು ಪಾದದವರೆಗೆ ಇತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ ಕೆಳಗೆ ಎಂದು ಬಸ್ಸಿನ ಸ್ಟಾಪುಗಳನ್ನು ಹೇಳುವವರಂತೆ ಹೇಳಿದರು. ನನ್ನದು ಯಾವ ಸ್ಟಾಪಿನಲ್ಲಿ ನಿಲ್ಲುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ನೋಡೋಣ ಎಂದರು. ಡಾಕ್ಟರು ನೋಡೋಣ ಎಂದರೆ ಏನರ್ಥ ಎಂದು ಹೆಂಡತಿ ನನ್ನನ್ನು ಕೇಳಿದಳು. ನನಗೇನು ಗೊತ್ತು.

ಕಿರುಬೆರಳು ಹೋಯಿತು. ಅಲ್ಲಿಗೇ ನಿಂತಿತು.

ಮನೆಗೆ ಬಂದ ಮೇಲೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತೆ. ಊರಿನವರೆಲ್ಲ ವೈದ್ಯರಾದರು. ಹಾಗಲಕಾಯಿ ರಸ, ಮೆಂತ್ಯದ ನೀರು, ಬೇವಿನ ಚಿಗುರು, ಎಲ್ಲ ಬಂದವು. ನಾನೇ ಒಂದು ಬುದ್ಧಿವಂತಿಕೆ ಮಾಡಿದೆ. ಅನ್ನ ಬಿಟ್ಟು ಮುದ್ದೆಗೆ ನಿಂತೆ. ರಾಗಿ ಶುಗರ್‌ಗೆ ಒಳ್ಳೆಯದು ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮುಂದಿನ ಸಲ ರಕ್ತ ನೋಡಿದಾಗ ಇಳಿದಿರಲಿಲ್ಲ. ಮುದ್ದೆ ಎಷ್ಟು ದೊಡ್ಡದು ಎಂದು ಡಾಕ್ಟರಮ್ಮ ಕೇಳಿದರು. ಎರಡೂ ಕೈಯಲ್ಲಿ ತೋರಿಸಿದೆ. ಹೊತ್ತಿಗೆ ಎಷ್ಟು? ಮೂರು. ಆ ನರ್ಸಮ್ಮ ನಗು ತಡೆಯಲಾರದೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಕೆಲಸದ ಜಾಗದಲ್ಲಿ ಕಂಬಿ ಬಗ್ಗಿಸುವ ಬಾರ್ ಬೆಂಡಿಂಗ್‌ನವನೊಬ್ಬ, ಏನ್ ಮೇಸ್ತ್ರಿ, ಸಾವ್ಕಾರ್ರ ಕಾಯಿಲೆ ತಂದ್ಕಬುಟ್ಟಿದ್ದೀಯ, ಕಾರು ಯಾವಾಗ ತತ್ತೀಯ ಎಂದ. ನಾನೂ ನಕ್ಕೆ. ನಗುವಾಗಲೂ ಗಮನ ಕಾಲ ಮೇಲೇ.

ಯಾಕೆಂದರೆ ಸೆಂಟ್ರಿಂಗ್ ಜಾಗ ಎಂದರೆ ಮೊಳೆಗಳ ಜಾಗ. ಒಂದು ಸಂಜೆ ಮನೆಗೆ ಬಂದು ಬೂಟು ಎಳೆದರೆ ಬಲಗಾಲಿನದು ಬರಲಿಲ್ಲ. ಜೋರಾಗಿ ಎಳೆದೆ. ಮೊಳೆಯೊಂದು ಅಡಿಯಿಂದ ಹೊಕ್ಕು, ಸಾಕ್ಸ್ ದಾಟಿ, ಒಳಗಿನವರೆಗೂ ಹೋಗಿತ್ತು. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದೆ. ಮೆಟ್ಟಿಲು ಹತ್ತಿದ್ದೆ, ಇಳಿದಿದ್ದೆ, ಟೀ ಕುಡಿದಿದ್ದೆ. ಹೆಂಡತಿ ಕಟಿಂಗ್ ಪ್ಲೇಯರ್ ತಂದು ಕೊಟ್ಟು, ನೋಡಲಾರದೆ ಅಡುಗೆಮನೆಗೆ ಹೋದಳು. ನಾನೇ ಕಿತ್ತೆ, ಹಲಗೆಯಿಂದ ಕೀಳುವ ಹಾಗೆ. ಗಾಯ ಒಣಗುವವರೆಗೆ ದಿನವೂ ಆಸ್ಪತ್ರೆಗೆ ಓಡಿದೆವು. ಅಂದಿನಿಂದ ಪ್ರತಿ ಸಂಜೆ ಗಡ್ಡ ಕೆರೆಯುವ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ. ಅವಳು ಟಾರ್ಚು ಹಿಡಿಯುತ್ತಾಳೆ. ಏನೂ ಇಲ್ಲ ಎಂದು ಅವಳು ಹೇಳುವವರೆಗೆ ನನಗೆ ಉಸಿರು ಬಿಡಲಾಗುವುದಿಲ್ಲ. ಮೇಲೆ ಹತ್ತುವ ಕೆಲಸ ಬಿಟ್ಟು ಕೆಳಗೆ ನಿಂತು ಹೇಳುವ ಕೆಲಸಕ್ಕೆ ಇಳಿದೆ. ಅದು ಬರಬರುತ್ತಾ ಅಭ್ಯಾಸವಾಯಿತು.

ಅಭ್ಯಾಸವಾಗದ್ದು ಮುಂದಿನ ಕೊಂಡ. ಹಬ್ಬ ಸಾರಿದ ದಿನದಿಂದ ಊಟ ಸೇರಲಿಲ್ಲ. ಊರಿನವರಿಗೆ ನನಗೆ ಶುಗರ್ ಎಂದು ಗೊತ್ತಿತ್ತು, ಬೆರಳು ಹೋದದ್ದೂ ಗೊತ್ತಿತ್ತು. ಕೊಂಡದಲ್ಲಿ ಸುಟ್ಟಿತ್ತು ಎಂದು ಮಾತ್ರ ಗೊತ್ತಿರಲಿಲ್ಲ. ಕೆಲಸದಲ್ಲಿ ಮೊಳೆ ಚುಚ್ಚಿ ಹಾಗಾಯಿತು ಎಂದು ನಾವೇ ಹೇಳಿದ್ದೆವು, ಅವರು ನಂಬಿದ್ದರು. ಈ ಸಲವೂ ಅಮ್ಮ ನಿನ್ನ ತಣ್ಣಗೆ ಇಟ್ಟಿರ್ತಾಳೆ ಕಣಪ್ಪ ಎಂದು ಹೆಂಗಸರು ಹರಸುತ್ತಿದ್ದರು. ಇಳಿದರೆ ಕಾಲು ಹೋಗುತ್ತದೆ. ಇಳಿಯದಿದ್ದರೆ ಯಾಕೆ ಎಂದು ಹೇಳಬೇಕು. ಒಮ್ಮೊಮ್ಮೆ ಇಳಿದುಬಿಡುವುದೇ ಸುಲಭ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿತಲ್ಲ ಎಂಬುದಕ್ಕೇ ಮತ್ತೆ ಹೆದರುತ್ತಿದ್ದೆ.

ಕಂಕಣ ಕಟ್ಟುವ ಹಿಂದಿನ ದಿನ ದೊಡ್ಡಪ್ಪನ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಬೂಟು ಬಿಚ್ಚಿ, ಕಾಲನ್ನು ಅವರ ಮುಂದೆ ಚಾಚಿದೆ. ದೊಡ್ಡವರ ಮುಂದೆ ಕಾಲು ಚಾಚುವುದು ನಮ್ಮಲ್ಲಿ ಇಲ್ಲ. ಎಲ್ಲವನ್ನೂ ಹೇಳಿದೆ. ಬೊಬ್ಬೆ, ಒದ್ದೆ ಗುರುತು, ನರ್ಸಮ್ಮನ ದಾರ.

"ತಣ್ಣಗಿರ್ಲಿಲ್ಲ ದೊಡ್ಡಪ್ಪ. ನನ್ನ ಕಾಲೇ ಸತ್ತೋಗಿತ್ತು."

ಅವರು ಬಗ್ಗಿ ಬೆರಳು ಹೋದ ಜಾಗವನ್ನು ನೋಡಿದರು. ಬಹಳ ಹೊತ್ತು ಅಗಿದರು. ಈಗ ಮೈಲಿಗೆಯ ಮಾತು ಬರುತ್ತದೆ, ಹೆಂಡತಿಯ ಹೆಸರು ಬರುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

"ಸುಡ್ತದೆ ಅಂತ ಗೊತ್ತಿದ್ದೂ ಇಳಿತಾನಲ್ಲ, ಅವನಿಗೆ ಕಣ್ಲಾ ಕೊಂಡ," ಎಂದರು ಕೊನೆಗೆ. "ನಿಂಗೆ ಅದು ಬರೀ ನೆಲ. ನೆಲದ ಮೇಲೆ ನಡಿಯಾಕೆ ನೀನ್ಯಾಕಪ್ಪ ಬೇಕು? ನಿನ್ ತಮ್ಮನ್ನ ಕರ್ಸು."

ಅಷ್ಟೇ. ಬೂಟು ತೊಟ್ಟು ಬರುವಾಗ ಅಳು ಬಂತು. ಹಗುರವಾಗಿ ಬಂತೋ, ಕಳೆದುಕೊಂಡದ್ದಕ್ಕೆ ಬಂತೋ ನನಗೇ ತಿಳಿಯದು.

ತಮ್ಮನನ್ನು ಕರೆಸುವುದರಲ್ಲಿ ಇನ್ನೊಂದು ಹೆದರಿಕೆ ಇತ್ತು. ಒಡಹುಟ್ಟಿದವರೂ ರಕ್ತ ನೋಡಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಅವನು ಜಾರಿಕೊಳ್ಳುತ್ತಲೇ ಬಂದಿದ್ದ. ಶಿಫ್ಟು ಎಂದ, ರಜೆ ಇಲ್ಲ ಎಂದ, ನಂಗೇನಾಗೈತೆ ಬುಡಣ್ಣ ಎಂದ. ಆ ದಿನ ಗೋಡೆಯ ಹತ್ತಿರ ನಿಂತು ನೋಡಿದವನು ಅವನೇ. ಹೆದರಿದ್ದಾನೆ ಎಂದು ನನಗೆ ಗೊತ್ತಿತ್ತು. ಮೊದಲು ರಕ್ತ, ಆಮೇಲೆ ಕಂಕಣ ಎಂದೆ. ಹಬ್ಬ ಮುಗಿದ ಮಾರನೆಯ ದಿನವೇ ಬತ್ತೀನಿ, ನಿನ್ನಾಣೆ ಎಂದು ತಲೆ ಮುಟ್ಟಿದ. ಅಷ್ಟರಲ್ಲಿ ಕಂಕಣದ ಹೊತ್ತಾಗಿತ್ತು. ಪಾನಕ ಮಾತ್ರ ಕಡಿಮೆ ಕುಡಿ ಎಂದೆ.

ಕೊಂಡದ ದಿನ ಗುಡಿಯ ಮುಂದೆ ಚಪ್ಪಲಿ ಮೆಟ್ಟುವಂತಿಲ್ಲ, ನಾನು ಚಪ್ಪಲಿ ಬಿಡುವಂತಿಲ್ಲ. ಹಾಗಾಗಿ ಎದುರಿನ ಮನೆಯ ಮಹಡಿ ಹತ್ತಿ ನಿಂತೆ. ಆ ಮೋಲ್ಡಿನ ಸೆಂಟ್ರಿಂಗ್ ನನ್ನದೇ. ಅಲ್ಲಿಯವರೆಗೂ ಝಳ ಬರುತ್ತಿತ್ತು. ದೊಡ್ಡಪ್ಪ ಇಳಿದರು. ಅವರ ಹಿಂದೆ ಬಿಳಿ ಪಂಚೆಯಲ್ಲಿ ತಮ್ಮ. ನಾನು ಅವನ ಮುಖ ನೋಡಲಿಲ್ಲ, ಕಾಲು ನೋಡಿದೆ. ನಿಧಾನ ಮಾಡಬೇಡ ಎಂದು ಒಳಗೇ ಬೇಡಿಕೊಂಡೆ. ಅಮ್ಮನನ್ನು ಇಷ್ಟು ವರ್ಷದಲ್ಲಿ ಹಾಗೆ ಬೇಡಿದ್ದಿಲ್ಲ: ಅವನನ್ನು ಸುಡು ತಾಯಿ.

ಎರಡನೆಯ ಹೆಜ್ಜೆಗೇ ಅವನು ಓಟ ಕಿತ್ತ. ದೊಡ್ಡಪ್ಪನ ಬೆನ್ನಿಗೆ ಬಡಿದುಕೊಳ್ಳುವಷ್ಟು ಹತ್ತಿರಕ್ಕೆ ಹೋಗಿ, ಪಕ್ಕಕ್ಕೆ ಸರಿದು, ಹಾರಿಕೊಂಡು ಗುಂಡಿಯ ಕೊನೆಯಲ್ಲಿದ್ದ ಅರಿಶಿನದ ನೀರಿನ ಹೊಂಡಕ್ಕೆ ಬಿದ್ದ. ಜನ ನಕ್ಕರು. ಸ್ವಲ್ಪ ಹೊತ್ತಿಗೆ ಹಿಮ್ಮಡಿಯ ಮೇಲೆ ಕುಂಟುತ್ತಾ ಮಹಡಿಗೆ ಬಂದ.

"ಕಾಲು ಸುಡ್ತೇನ್ಲಾ?"

"ಉರಿ ಕಣಣ್ಣ, ಜೀವ ಹೋಯ್ತು. ನೀನು ಹೆಂಗಾರ ಇಷ್ಟು ವರ್ಷ..." ಎಂದವನು ಅಲ್ಲಿಗೆ ನಿಲ್ಲಿಸಿದ.

ಅವನನ್ನು ಪ್ಯಾರಾಪೆಟ್ ಗೋಡೆಗೆ ಒರಗಿಸಿ ಕೂರಿಸಿ, ಅವನ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅಣ್ಣ ಕಾಲು ಮುಟ್ಟಬಾರದು ಎಂದು ಎಳೆದುಕೊಂಡ. ಸುಮ್ಮನಿರು ಎಂದು ಗದರಿ, ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಕಣ್ಣು ಮುಚ್ಚಿಕೋ ಎಂದೆ. ಅವನಿಗೆ ತಕ್ಷಣ ಅರ್ಥವಾಯಿತು. ಮುಖ ಸಣ್ಣದಾಯಿತು. ಮುಚ್ಚಿಕೊಂಡ.

ಹೆಬ್ಬೆರಳ ತುದಿಗೆ ಮುಟ್ಟಿಸಿದೆ. ಹೂಂ ಎಂದ. ಅಂಗಾಲಿನ ನಡುವೆ. ಹೂಂ. ಹಿಮ್ಮಡಿ. ಅಲ್ಲಿ ಚರ್ಮ ದಪ್ಪ, ಒಂದು ಗಳಿಗೆ ಸುಮ್ಮನಿದ್ದ, ನಾನು ಕಡ್ಡಿ ಎತ್ತಲಿಲ್ಲ, ಆಮೇಲೆ ಹೂಂ ಎಂದ. ಇದು ಪೊರಕೆ ಕಡ್ಡಿ, ರಕ್ತದೊಳಗೆ ಏನಿದೆ ಎಂದು ಇದಕ್ಕೇನು ಗೊತ್ತು ಎಂದು ನನಗೂ ತಿಳಿದಿತ್ತು. ನಾಳೆ ಬೆಳಿಗ್ಗೆ ಹೊಟ್ಟೆಗೆ ಏನೂ ತಿನ್ನದೆ ಹೊರಡಬೇಕು, ಕನಕಪುರಕ್ಕೆ ಮೊದಲ ಬಸ್ಸಿಗೆ ಎಂದೆ. ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ಕೊನೆಗೆ ನಾನು ಕಿರುಬೆರಳ ಬುಡಕ್ಕೆ, ನನ್ನದು ಕಪ್ಪಾಗಿದ್ದ ಜಾಗಕ್ಕೆ, ಕಡ್ಡಿ ಇಟ್ಟೆ.